ಊರಿಗೆ ಬರುವ ದವಾಖಾನೆ



ರೋಗವು ರಸ್ತೆಯನ್ನು ಕೇಳಿಕೊಂಡು ಬರುವದಿಲ್ಲ. ಅದು ಕಾಲುದಾರಿಯಿಂದಲೂ ಬರುತ್ತದೆ, ಹಳ್ಳವನ್ನು ದಾಟಿಯೂ ಬರುತ್ತದೆ, ಬೆಟ್ಟದಿಂದ ತಂದ ಸೊಪ್ಪಿನ ಹೊರೆಯಲ್ಲಿ ಅಡಗಿಯೂ ಬರುತ್ತದೆ. ವೈದ್ಯರಾದರೋ ರಸ್ತೆಯಿದ್ದಲ್ಲಿ, ಪೇಟೆಯಿದ್ದಲ್ಲಿ ನೆಲೆಸುವದು ವಾಡಿಕೆ. ಹೀಗಿರಲಾಗಿ ರೋಗಕ್ಕೂ ಔಷಧಕ್ಕೂ ನಡುವೆ ಇರುವ ದೂರವನ್ನು ನಡೆಯತಕ್ಕವರು ಯಾರು ಎಂಬದು ಬಹು ಕಾಲದ ಪ್ರಶ್ನೆಯಾಗಿದೆ. ರೋಗಿಯು ನಡೆಯಲಾರದಿದ್ದರೆ ವೈದ್ಯರೇ ನಡೆದು ಬರಲಿ ಎಂಬ ಆಲೋಚನೆಯಿಂದ ಹುಟ್ಟಿದ್ದೇ ಸಂಚಾರಿ ದವಾಖಾನೆ. ಅದರ ಅಗತ್ಯವೇನು, ಅದರಿಂದಾಗುವ ಉಪಕಾರವೆಷ್ಟು, ಅದು ಬಂದು ಹೋದ ಮೇಲೆ ನಮ್ಮ ಪಾಲಿಗೆ ಉಳಿಯುವ ಕೆಲಸ ಯಾವದು ಎಂಬ ಮೂರು ಸಂಗತಿಗಳನ್ನು ಈ ಪಾಠದಲ್ಲಿ ವಿಚಾರಿಸೋಣ. ಇವುಗಳಲ್ಲಿ ಮೂರನೆಯದೇ ಮುಖ್ಯವಾದದ್ದು. ಯಾಕಂದರೆ ಗಾಡಿಯು ನಮ್ಮೂರಲ್ಲಿ ನಿಲ್ಲುವದು ಕೆಲವು ತಾಸು ಮಾತ್ರ. ರೋಗವಾದರೋ ಉಳಿದ ದಿನಗಳಲ್ಲೆಲ್ಲಾ ನಮ್ಮ ಸಂಗಡಲೇ ಇರುವದು.

೧. ದೂರವೆಂದರೇನು?

ಶಿರಸಿ ತಾಲೂಕಿನ ಹೆಗಡೆಕಟ್ಟಾದ ಸುತ್ತುಮುತ್ತಲಿನ ಸೀಮೆಯನ್ನು ಬಲ್ಲವರಿಗೆ ಇದನ್ನು ವಿಸ್ತಾರವಾಗಿ ಹೇಳಬೇಕಾಗಿಲ್ಲ. ಬಯಲುಸೀಮೆಯಲ್ಲಿ ಊರೆಂದರೆ ಗೋಡೆಗೆ ಗೋಡೆ ತಗಲಿದ ಮನೆಗಳ ಗುಂಪು. ಘಟ್ಟದ ಮೇಲಿನ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಹಾಗಲ್ಲ. ಕಣಿವೆಯಲ್ಲಿ ಅಡಕೆಯ ತೋಟ, ತೋಟದ ತಲೆಯಲ್ಲಿ ಒಂದೆರಡು ಮನೆ, ಅದರ ಮೇಲೆ ಸೊಪ್ಪಿನ ಬೆಟ್ಟ, ಆ ಬೆಟ್ಟದಾಚೆ ಮತ್ತೊಂದು ಕಣಿವೆ. ಮಳೆಗಾಲದಲ್ಲಿ ಹಳ್ಳ ಏರಿದರೆ ಕಾಲುಸಂಕವೊಂದೇ ಗತಿ. ಅದೂ ಕೊಚ್ಚಿಹೋದರೆ ನೆರೆಮನೆಯೇ ಪರದೇಶವಾಗುತ್ತದೆ.

ಸರಕಾರದ ನಿಯಮದ ಪ್ರಕಾರ ಬಯಲುಸೀಮೆಯಲ್ಲಿ ೩೦,೦೦೦ ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವೂ, ಗುಡ್ಡಗಾಡಿನಲ್ಲಿಯೂ ಬುಡಕಟ್ಟು ಜನರಿರುವ ಸೀಮೆಯಲ್ಲಿಯೂ ೨೦,೦೦೦ ಜನರಿಗೆ ಒಂದು ಕೇಂದ್ರವೂ ಇರತಕ್ಕದ್ದು. ಅದರ ಕೆಳಗಿನ ಉಪಕೇಂದ್ರವು ಬಯಲಿನಲ್ಲಿ ೫,೦೦೦ ಜನರಿಗೂ ಗುಡ್ಡಗಾಡಿನಲ್ಲಿ ೩,೦೦೦ ಜನರಿಗೂ ಒಂದರಂತೆ ಇರತಕ್ಕದ್ದು. ಈ ನಿಯಮವು ಒಳ್ಳೇದೇ. ಆದರೆ ಬಯಲಿನಲ್ಲಿ ೩,೦೦೦ ಜನರು ಒಂದೇ ಊರಿನಲ್ಲಿ ಸಿಕ್ಕಾರು. ಇಲ್ಲಿ ಅಷ್ಟೇ ಜನರು ಎಷ್ಟೋ ಮಜರೆಗಳಲ್ಲಿ ಚದರಿರುವರು. ಲೆಕ್ಕವು ತಲೆಗಳನ್ನು ಎಣಿಸುತ್ತದೆ, ಹೆಜ್ಜೆಗಳನ್ನು ಎಣಿಸುವದಿಲ್ಲ.

ಇದಲ್ಲದೆ ದೂರವನ್ನು ಮೈಲಿಗಳಿಂದ ಮಾತ್ರ ಅಳೆಯಬಾರದು. ಕೂಲಿಯಿಂದ ಜೀವಿಸುವ ಹೆಂಗಸೊಬ್ಬಳು ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಗೆ ಹೋಗಬೇಕಾದರೆ ಬಸ್ಸಿನ ಖರ್ಚು ಒಂದು, ಆ ದಿನದ ಕೂಲಿ ಹೋಗುವದು ಇನ್ನೊಂದು, ಸಂಗಡ ಬರುವವನ ಕೂಲಿ ಹೋಗುವದು ಮತ್ತೊಂದು. ಕೊಟ್ಟಿಗೆಯಲ್ಲಿರುವ ಆಕಳಿಗೆ ಹುಲ್ಲು ಹಾಕುವವರು ಯಾರು, ಮನೆಯಲ್ಲಿರುವ ಚಿಕ್ಕ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಚಿಂತೆ ಬೇರೆ. ಆದಕಾರಣ ಅವಳು, ನಾಳೆ ನೋಡೋಣ, ಅನ್ನುವಳು. ಆ ನಾಳೆಯು ತಿಂಗಳಾಗುತ್ತದೆ. ಕಡೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯಬೇಕಾದ ಸ್ಥಿತಿಗೆ ಬಂದು, ನೂರಾರು ರೂಪಾಯಿಗಳಲ್ಲಿ ತೀರುತ್ತಿದ್ದದ್ದು ತೋಟವನ್ನು ಅಡವಿಡುವ ತನಕ ಬೆಳೆಯುತ್ತದೆ. ಅಡವಿಡಲಿಕ್ಕೆ ತೋಟವಿಲ್ಲದವರು ಏನು ಮಾಡುವರೆಂದು ನೀವೇ ಬಲ್ಲಿರಿ.

೨. ವೈದ್ಯರು ಹೊರಟು ಬಂದ ದಾರಿ

ರೋಗಿಯ ಬಳಿಗೆ ವೈದ್ಯರೇ ಹೋಗಬೇಕೆಂಬ ಆಲೋಚನೆಯು ಹೊಸದಲ್ಲ. ಮೂವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ.

ಮೊದಲನೆಯವರು ವೇಲೂರಿನ ಡಾಕ್ಟರ್ ಐಡಾ ಸ್ಕಡರ್ ಅಮ್ಮನವರು. ೧೮೭೦ರಲ್ಲಿ ಮಿಶನರಿ ಮನೆತನದಲ್ಲಿ ಹುಟ್ಟಿದ ಇವರಿಗೆ ಯೌವನದಲ್ಲಿ ಈ ದೇಶದಲ್ಲಿ ನಿಲ್ಲುವ ಮನಸ್ಸಿರಲಿಲ್ಲ. ಒಂದು ರಾತ್ರಿ ಮೂವರು ಗಂಡಸರು, ಒಬ್ಬರಾದ ಮೇಲೊಬ್ಬರು, ಪ್ರಸವವೇದನೆಯಲ್ಲಿರುವ ತಮ್ಮ ಹೆಂಡತಿಯರಿಗಾಗಿ ಸಹಾಯ ಕೇಳಿಕೊಂಡು ಅವರ ಮನೆಗೆ ಬಂದರು. ವೈದ್ಯರಾಗಿದ್ದ ತಂದೆಯನ್ನು ಕಳುಹಿಸುವೆನೆಂದರೆ, ಪರಪುರುಷನು ನಮ್ಮ ಹೆಂಗಸರನ್ನು ನೋಡಕೂಡದೆಂದು ಹೇಳಿ ತಿರುಗಿ ಹೋದರು. ಬೆಳಗಾಗುವಾಗ ಆ ಮೂವರು ತಾಯಂದಿರೂ ಸತ್ತಿದ್ದರು. ಐಡಾ ಅಮ್ಮನವರು ಅಮೇರಿಕಕ್ಕೆ ಹೋಗಿ ವೈದ್ಯವನ್ನು ಕಲಿತು, ೧೮೯೯ರಲ್ಲಿ ಪದವಿ ಹೊಂದಿ, ತಿರುಗಿ ಬಂದರು. ೧೯೦೨ರಲ್ಲಿ ವೇಲೂರಿನಲ್ಲಿ ಆಸ್ಪತ್ರೆ ತೆರೆಯಿತು. ಆದರೆ ಹಳ್ಳಿಯವರು ಅಲ್ಲಿಗೆ ಬರುವಷ್ಟರಲ್ಲಿ ರೋಗವು ಮೀರಿರುತ್ತಿದ್ದದರಿಂದ, ಅವರು ಗುಡಿಯಾತ್ತಂ ಕಡೆಗೆ ಹೋಗುವ ರಸ್ತೆಯಲ್ಲಿ ಮರಗಳ ನೆರಳಿನಲ್ಲಿ ನಿಂತು ರೋಗಿಗಳನ್ನು ನೋಡತೊಡಗಿದರು. ದಾರಿಬದಿಯ ದವಾಖಾನೆಗಳೆಂದು ಅವು ಹೆಸರಾದವು. ಆದರೂ ತಾನೊಬ್ಬಳೇ ಎಷ್ಟು ಮರಗಳ ಕೆಳಗೆ ನಿಂತೇನು ಎಂದು ಕಂಡುಕೊಂಡು, ೧೯೦೯ರಲ್ಲಿ ದಾದಿಯರ ಶಾಲೆಯನ್ನೂ ೧೯೧೮ರಲ್ಲಿ ಹೆಂಗಸರಿಗಾಗಿ ವೈದ್ಯಶಾಲೆಯನ್ನೂ ಸ್ಥಾಪಿಸಿದರು.

ಎರಡನೆಯವರು ಆಸ್ಟ್ರೇಲಿಯ ದೇಶದ ಜಾನ್ ಫ್ಲಿನ್ ಎಂಬ ಪ್ರೆಸ್ಬಿಟೇರಿಯನ್ ಬೋಧಕರು. ಅಲ್ಲಿ ಮನೆಯಿಂದ ಮನೆಗೆ ನೂರಾರು ಮೈಲಿ ಬರಿಯ ಮರುಭೂಮಿ. ಅವರ ಪ್ರಯತ್ನದಿಂದ ೧೯೨೮ನೇ ಮೇ ೧೭ರಂದು ಕ್ಲಾನ್‌ಕರಿ ಎಂಬ ಊರಿನಿಂದ ವೈದ್ಯರನ್ನು ಹೊತ್ತ ವಿಮಾನವು ಮೊದಲ ಸಾರಿ ರೋಗಿಯ ಬಳಿಗೆ ಹಾರಿತು. ಆದರೆ ರೋಗ ಬಂದಿದೆಯೆಂದು ತಿಳಿಸುವ ಉಪಾಯವಿಲ್ಲದಿದ್ದರೆ ವಿಮಾನವಿದ್ದೂ ಫಲವೇನು? ಅದಕ್ಕಾಗಿ ಆಲ್ಫ್ರೆಡ್ ಟ್ರೇಗರ್ ಎಂಬವರು ಕಾಲಿನಿಂದ ತುಳಿದು ವಿದ್ಯುತ್ತನ್ನು ಹುಟ್ಟಿಸುವ ರೇಡಿಯೋ ಯಂತ್ರವನ್ನು ಮಾಡಿಕೊಟ್ಟರು. ಮುಂದೆ ದೂರದ ಮನೆಗಳಲ್ಲಿ ಔಷಧದ ಪೆಟ್ಟಿಗೆಯನ್ನೂ ಇಟ್ಟರು. ಅದರಲ್ಲಿ ಪ್ರತಿಯೊಂದು ಔಷಧಕ್ಕೂ ಒಂದು ಅಂಕೆ. ವೈದ್ಯರು ರೇಡಿಯೋದಲ್ಲಿ ಇಂಥ ಅಂಕೆಯದನ್ನು ಇಷ್ಟು ಕೊಡಿರಿ ಅಂದರೆ ಮನೆಯವರೇ ಕೊಡುವರು.

ಮೂರನೆಯವರು ನಮ್ಮ ಕರ್ನಾಟಕದವರೇ ಆದ ಡಾಕ್ಟರ್ ಎಚ್. ಸುದರ್ಶನರು. ಇವರು ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ನೆಲೆಸಿ, ಹಾಡಿಯಿಂದ ಹಾಡಿಗೆ ನಡೆದು ಔಷಧ ಕೊಡುತ್ತಾ, ೧೯೮೧ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಯಳಂದೂರು ತಾಲೂಕಿನಲ್ಲಿ ಕುಷ್ಠರೋಗವು ಬಹಳವಾಗಿದ್ದದರಿಂದ ೧೯೮೬ರಲ್ಲಿ ಕರುಣಾ ಟ್ರಸ್ಟ್ ಎಂಬ ಸಂಸ್ಥೆಯನ್ನು ಹುಟ್ಟಿಸಿದರು. ಸೋಲಿಗರ ಮಕ್ಕಳನ್ನೇ ಆರೋಗ್ಯದ ಕೆಲಸಕ್ಕೆ ತರಬೇತು ಮಾಡಿದ್ದು ಇವರ ಕಾರ್ಯದ ಬೇರಾಗಿತ್ತು.

ಈಚೆಗೆ ಇಂಥ ಸಂಚಾರವು ಹಲವು ರೂಪಗಳನ್ನು ತಾಳಿದೆ. ೧೯೯೧ರಿಂದ ಲೈಫ್‌ಲೈನ್ ಎಕ್ಸ್‌ಪ್ರೆಸ್ ಎಂಬ ರೈಲುಗಾಡಿಯು ಆಸ್ಪತ್ರೆಯನ್ನೇ ಹೊತ್ತು ದೇಶವನ್ನು ಸುತ್ತುತ್ತಾ, ಕಣ್ಣಿನ ಪೊರೆ, ಸೀಳುತುಟಿ ಮೊದಲಾದವುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತದೆ. ಅಸ್ಸಾಮಿನಲ್ಲಿ ೨೦೦೫ರಿಂದ ದೋಣಿ ದವಾಖಾನೆಗಳು ಬ್ರಹ್ಮಪುತ್ರೆಯ ನಡುಗಡ್ಡೆಗಳಿಗೆ ಹೋಗುತ್ತಿವೆ. ಅದೇ ೨೦೦೫ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ಸಂಚಾರಿ ಆರೋಗ್ಯ ಘಟಕಗಳೆಂಬ ಗಾಡಿಗಳು ದೇಶದ ಅನೇಕ ಜಿಲ್ಲೆಗಳಲ್ಲಿ ಓಡತೊಡಗಿದವು.

ಆ ಮೂವರ ಚರಿತ್ರೆಯಲ್ಲಿ ಒಂದೇ ಪಾಠವಿರುವದನ್ನು ಗಮನಿಸಿರಿ. ಮೂವರೂ ರೋಗಿಯ ಬಳಿಗೆ ಹೋದರು. ಆದರೆ ಹೋಗುವದರಿಂದಲೇ ಕೆಲಸ ತೀರಲಿಲ್ಲವೆಂದು ಮೂವರೂ ಕಂಡರು. ಒಬ್ಬರು ದಾದಿಯರನ್ನು ಸಿದ್ಧಮಾಡಿದರು, ಒಬ್ಬರ ಕಾರ್ಯಕ್ಕೆ ಮನೆಮನೆಯ ರೇಡಿಯೋವೂ ಪೆಟ್ಟಿಗೆಯೂ ಬೇಕಾದವು, ಒಬ್ಬರು ಆಯಾ ಸ್ಥಳದವರನ್ನೇ ತರಬೇತು ಮಾಡಿದರು. ಬಂದವರು ತಿರುಗಿ ಹೋದ ಮೇಲೆ ಅಲ್ಲಿಯೇ ಉಳಿಯುವವರು ಬೇಕು.

೩. ಮಂಗನ ಕಾಯಿಲೆಯು ನಮಗೆ ಕಲಿಸಿದ್ದು

ಇದಕ್ಕೆ ದೂರದ ದೃಷ್ಟಾಂತವು ಸಾಲದೆ ಹೋದರೆ ನಮ್ಮ ಕಾಡನ್ನೇ ನೋಡೋಣ. ೧೯೫೭ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಅದರ ಸಂಗಡ ಜನರಿಗೂ ಕಠಿಣ ಜ್ವರ ಬಂತು. ಪುಣೆಯ ಸಂಶೋಧಕರು ಪರೀಕ್ಷಿಸಿ ಅದು ಹೊಸ ವಿಷಾಣುವಿನ ರೋಗವೆಂದು ಕಂಡುಹಿಡಿದರು. ಲೋಕದ ವೈದ್ಯಗ್ರಂಥಗಳಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ರೋಗವೆಂದೇ ಹೆಸರು. ನಾವು ಮಂಗನ ಕಾಯಿಲೆ ಅನ್ನುತ್ತೇವೆ. ೨೦೨೪ನೇ ಇಸವಿಯ ಮೊದಲ ತಿಂಗಳುಗಳಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಅನೇಕರು ಇದರಿಂದ ಮಲಗಿದರು.

ಇದನ್ನು ಹರಡುವದು ಉಣ್ಣಿ, ಅಂದರೆ ನಮ್ಮ ಕಡೆಯ ಉಣುಗು. ರೋಗದಿಂದ ಸತ್ತ ಮಂಗನ ಅಥವಾ ಮುಸುವನ ಮೈಯಿಂದ ಉಣ್ಣಿಗಳು ಉದುರಿ ಆ ನೆಲದಲ್ಲಿ ತುಂಬುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವದಿಲ್ಲ. ಮಳೆ ನಿಂತ ಮೇಲೆ, ಮುಖ್ಯವಾಗಿ ದಶಂಬರದಿಂದ ಮೇ ತಿಂಗಳ ತನಕ ಇದರ ಕಾಲ. ತೋಟಕ್ಕೆ ದರಕು ಗುಡಿಸುವದಕ್ಕೂ, ಸೌದೆ ತರುವದಕ್ಕೂ, ದನ ಮೇಯಿಸುವದಕ್ಕೂ ಜನರು ಬೆಟ್ಟಕ್ಕೆ ಹೋಗುವದು ಅದೇ ಕಾಲದಲ್ಲಿಯೇ. ಆದಕಾರಣ ಇದು ವಿಶೇಷವಾಗಿ ದುಡಿಯುವವರ ರೋಗ. ಉಣ್ಣಿ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಫಕ್ಕನೆ ಜ್ವರ, ತಲೆನೋವು, ಮೈಕೈ ನೋವು ಬರುತ್ತವೆ. ಕೆಲವರಿಗೆ ಮೂಗಿನಿಂದಲೋ ವಸಡಿನಿಂದಲೋ ರಕ್ತ ಸೋರುತ್ತದೆ. ಜ್ವರವು ಬಿಟ್ಟು ವಾರ ಎರಡು ವಾರಗಳಾದ ಮೇಲೆ ಕೆಲವರಿಗೆ ತಿರುಗಿ ಬಂದು ತಲೆಗೆ ಏರುವದೂ ಉಂಟು. ರೋಗ ತಗಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಈ ವಿಷಾಣುವನ್ನು ಕೊಲ್ಲುವ ಔಷಧವಿಲ್ಲ. ಆದರೂ ಆಸ್ಪತ್ರೆಯಲ್ಲಿ ನೀರಿನಂಶವನ್ನು ಸರಿಯಾಗಿ ಕೊಟ್ಟು, ರಕ್ತಸ್ರಾವವನ್ನು ನೋಡಿಕೊಂಡರೆ ಬಹು ಮಂದಿ ಉಳಿಯುತ್ತಾರೆ. ಹಿಂದೆ ಕೊಡುತ್ತಿದ್ದ ಲಸಿಕೆಯು ಸಾಕಷ್ಟು ಕಾಪಾಡುವದಿಲ್ಲವೆಂದು ಕಂಡದ್ದರಿಂದ ಅದನ್ನು ನಿಲ್ಲಿಸಿದ್ದಾರೆ.

ಈಗ ಆಲೋಚಿಸಿರಿ. ಪೇಟೆಯ ಆಸ್ಪತ್ರೆಯಲ್ಲಿ ಕೂತ ವೈದ್ಯರಿಗೆ ಯಾವ ಬೆಟ್ಟದಲ್ಲಿ ಮಂಗ ಸತ್ತಿತೆಂದು ತಿಳಿಯುವದು ಹೇಗೆ? ಆರೋಗ್ಯ ಇಲಾಖೆಯವರು ಮಜರೆಗಳಿಗೆ ಬಂದು ರಕ್ತ ತೆಗೆದು ಪರೀಕ್ಷೆಗೆ ಕಳುಹಿಸುವರು. ಮೈಗೆ ಹಚ್ಚಿಕೊಳ್ಳುವ ಡೀಪಾ ಎಣ್ಣೆಯನ್ನು ಕೊಡುವರು. ಆದರೆ ಸತ್ತ ಮಂಗನನ್ನು ಮೊದಲು ಕಾಣತಕ್ಕವನು ದನ ಕಾಯುವ ಹುಡುಗನೇ. ಅವನು ಅದನ್ನು ಮುಟ್ಟದೆ ಬಂದು ಹೇಳಿದರೆ, ಹಿರಿಯರು ಆ ದಿನವೇ ಆಶಾ ಕಾರ್ಯಕರ್ತೆಗೆ ತಿಳಿಸಿದರೆ, ಗಾಡಿಯು ಸರಿಯಾದ ಸ್ಥಳಕ್ಕೆ ಬರುವದು. ಎಣ್ಣೆಯ ಸೀಸೆಯು ಮಾಡಿನ ಸಂದಿಯಲ್ಲಿ ಧೂಳು ತಿನ್ನುತ್ತಿದ್ದರೆ ಉಣ್ಣಿಯು ಹೆದರುವದಿಲ್ಲ. ಬೆಟ್ಟಕ್ಕೆ ಹೋಗುವಾಗ ಕೈಕಾಲು ಮುಚ್ಚುವ ಬಟ್ಟೆಯನ್ನು ಧರಿಸಿ, ತೆರೆದ ಭಾಗಕ್ಕೆ ಎಣ್ಣೆ ಹಚ್ಚಬೇಕು. ಬಂದ ಕೂಡಲೇ ಬಿಸಿನೀರಲ್ಲಿ ಸಾಬೂನು ಹಚ್ಚಿ ಮಿಂದು, ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಬೇಕು. ಇವೆಲ್ಲಾ ನಮ್ಮ ಕೈಯಲ್ಲಿರುವ ಕೆಲಸಗಳು.

೪. ಗಾಡಿಯು ಮಾಡಬಲ್ಲದ್ದೂ ಮಾಡಲಾರದ್ದೂ

ಸಂಚಾರಿ ದವಾಖಾನೆಯಲ್ಲಿ ಸಾಮಾನ್ಯವಾಗಿ ಒಬ್ಬ ವೈದ್ಯರು, ಒಬ್ಬ ದಾದಿ, ಔಷಧ ಕೊಡುವವರು, ರಕ್ತ ಮೂತ್ರಗಳನ್ನು ಪರೀಕ್ಷಿಸುವವರು, ಚಾಲಕರು ಇರುವರು. ಅವರು ರಕ್ತದೊತ್ತಡವನ್ನೂ ಸಕ್ಕರೆಯನ್ನೂ ನೋಡುವರು, ಬಸುರಿಯರನ್ನು ಪರೀಕ್ಷಿಸುವರು, ಮಕ್ಕಳಿಗೆ ಲಸಿಕೆ ಹಾಕಿಸಲಿಕ್ಕೆ ಸಹಾಯಮಾಡುವರು, ಕ್ಷಯ ಕುಷ್ಠಗಳ ಗುರುತು ಕಂಡರೆ ಮುಂದಿನ ಪರೀಕ್ಷೆಗೆ ಕಳುಹಿಸುವರು.

ಆದರೆ ಹಾವು ಕಚ್ಚಿದಾಗ, ಎದೆ ಹಿಡಿದುಕೊಂಡಾಗ, ಬಾಯಿ ಸೊಟ್ಟಗಾಗಿ ಕೈಕಾಲು ಬಿದ್ದುಹೋದಾಗ, ಹೆರಿಗೆಯಲ್ಲಿ ರಕ್ತ ನಿಲ್ಲದಿದ್ದಾಗ, ಗಾಡಿ ಬರುವ ದಿನವನ್ನು ಕಾಯತಕ್ಕದ್ದಲ್ಲ. ಕರ್ನಾಟಕದಲ್ಲಿ ೨೦೦೮ರಿಂದ ನಡೆಯುವ ಆರೋಗ್ಯ ಕವಚದ ೧೦೮ ಎಂಬ ಅಂಕೆಗೆ ಕೂಡಲೇ ಫೋನು ಮಾಡಬೇಕು. ಫೋನು ಹತ್ತದ ಕಣಿವೆಯಾದರೆ ಎಲ್ಲಿಗೆ ಹೋದರೆ ಹತ್ತುವದು, ಯಾರ ಮನೆಯ ಗಾಡಿ ಸಿಗುವದು ಎಂಬದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಹಾವು ಕಚ್ಚಿದ ಸ್ಥಳವನ್ನು ಕೊಯ್ಯುವದೂ, ಬಾಯಿಂದ ಹೀರುವದೂ, ಹಗ್ಗದಿಂದ ಬಿಗಿಯುವದೂ ಕೂಡದು. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಅಂಗವನ್ನು ಅಲುಗಿಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯುವದೇ ಮದ್ದು.

ಇನ್ನೊಂದು ತಪ್ಪು ತಿಳುವಳಿಕೆಯನ್ನು ಇಲ್ಲಿಯೇ ಹೇಳಬೇಕು. ಸೂಜಿ ಹಾಕಿದವರೇ ಒಳ್ಳೇ ಡಾಕ್ಟರು ಎಂದು ನಮ್ಮಲ್ಲಿ ಬಹು ಮಂದಿ ಭಾವಿಸುವರು. ಗುಳಿಗೆ ಮಾತ್ರ ಕೊಟ್ಟು, ಉಪ್ಪು ಕಡಿಮೆ ಮಾಡಿರಿ, ಹೊಗೆಸೊಪ್ಪು ಬಿಡಿರಿ, ಎಂದು ಬುದ್ಧಿ ಹೇಳಿದರೆ, ಇವರೇನು ಔಷಧ ಕೊಟ್ಟರು ಎಂದು ಗೊಣಗುತ್ತಾ ಬರುವರು. ಆ ಬುದ್ಧಿಯ ಮಾತೇ ಎಷ್ಟೋ ಸಾರಿ ಅರ್ಧ ಔಷಧವಾಗಿರುತ್ತದೆ.

೫. ಎರಡು ಭೇಟಿಗಳ ನಡುವಣ ದಿನಗಳು

ಈಗ ಪಾಠದ ತಿರುಳಿಗೆ ಬರೋಣ. ಗಾಡಿಯು ತಿಂಗಳಿಗೆ ಎರಡು ಸಾರಿ ಬರುವದೆಂದು ಇಟ್ಟುಕೊಳ್ಳಿರಿ. ಮೂವತ್ತರಲ್ಲಿ ಎರಡು ದಿನ ವೈದ್ಯರದು. ಇಪ್ಪತ್ತೆಂಟು ದಿನ ಊರಿನವರದು.

ರಕ್ತದೊತ್ತಡವು ೧೪೦ಕ್ಕೆ ೯೦ರ ಮೇಲೆ ನಿಂತರೆ ಅದು ರೋಗ. ಆದರೆ ಅದು ನೋಯಿಸುವದಿಲ್ಲ, ಕೆಮ್ಮಿಸುವದಿಲ್ಲ. ಮನುಷ್ಯನು ಎಂದಿನಂತೆ ಕೊನೆ ಇಳಿಸಿ, ಅಡಕೆ ಸುಲಿದು, ಉಂಡು ಮಲಗುವನು. ಗುಳಿಗೆಯಿಂದ ಅದು ಇಳಿದಾಗ, ಗುಣವಾಯಿತೆಂದು ಎಣಿಸಿ ಗುಳಿಗೆಯನ್ನು ಬಿಡುವನು. ಆಗ ಅದು ಸದ್ದಿಲ್ಲದೆ ತಿರುಗಿ ಏರಿ ಒಂದು ದಿನ ಪಾರ್ಶ್ವವಾಯುವಾಗಿ ಕೆಡಹುತ್ತದೆ. ಕ್ಷಯದ ಔಷಧವನ್ನು ಸಾಮಾನ್ಯವಾಗಿ ಆರು ತಿಂಗಳು ಬಿಡದೆ ತಕ್ಕೊಳ್ಳಬೇಕು. ಎರಡು ತಿಂಗಳಲ್ಲಿ ಕೆಮ್ಮು ನಿಂತಿತೆಂದು ಬಿಟ್ಟವನಲ್ಲಿ ಔಷಧಕ್ಕೆ ಬಗ್ಗದ ಕ್ಷಯವು ಹುಟ್ಟುವದುಂಟು. ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ ೧೧ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಅದಕ್ಕಾಗಿ ಬಸುರಿನಲ್ಲಿ ೧೮೦ ದಿನವೂ ಹೆರಿಗೆಯಾದ ಮೇಲೆ ೧೮೦ ದಿನವೂ ಕಬ್ಬಿಣದ ಗುಳಿಗೆಯನ್ನು ಕೊಡುವರು. ಕಡಿಮೆಯೆಂದರೆ ನಾಲ್ಕು ಸಾರಿ ಪರೀಕ್ಷೆ ಮಾಡಿಸಬೇಕು. ಗುಳಿಗೆಯಿಂದ ಮಲ ಕಪ್ಪಾಗುವದೆಂದು ಹೆದರಿ ಬಿಟ್ಟವರು ಬಹಳ. ಅದು ಗುಳಿಗೆಯ ಗುಣ, ಅಪಾಯವಲ್ಲ, ಎಂದು ಅತ್ತೆಯಾದವಳು ಸೊಸೆಗೆ ಹೇಳಿದರೆ ಸಾಕು, ಒಂದು ಜೀವಕ್ಕೆ ಬೆಂಬಲವಾದೀತು.

ಆದಕಾರಣ ಪ್ರತಿ ಊರಿನಲ್ಲಿ ಮಾಡತಕ್ಕ ಕೆಲಸಗಳು ಇವು. ಒಂದು: ವೈದ್ಯರ ಚೀಟಿಗಳನ್ನೆಲ್ಲಾ ಒಂದು ಚೀಲದಲ್ಲಿ ಹಾಕಿ ಇಲಿಯೂ ಮಳೆಯೂ ಮುಟ್ಟದಲ್ಲಿ ಇಡಬೇಕು, ಯಾಕಂದರೆ ಮುಂದಿನ ಸಾರಿ ಬೇರೆ ವೈದ್ಯರು ಬಂದರೆ ಆ ಚೀಟಿಯೇ ನಿಮ್ಮ ಪರವಾಗಿ ಮಾತಾಡುವದು. ಎರಡು: ಗಾಡಿ ಬರುವ ದಿನವನ್ನು ಆದಿತ್ಯವಾರದ ಕೂಟದಲ್ಲಿಯೂ, ಶಾಲೆಯಲ್ಲಿಯೂ, ಸೊಸೈಟಿಯ ಕಟ್ಟೆಯಲ್ಲಿಯೂ ತಿಳಿಸಬೇಕು. ಮೂರು: ಓದಬಲ್ಲ ಹುಡುಗರೂ ಹುಡುಗಿಯರೂ ಓದಲಾರದ ಮುದುಕರ ಗುಳಿಗೆಗಳನ್ನು ಬೆಳಗಿನವು ರಾತ್ರಿಯವು ಎಂದು ಬೇರೆ ಮಾಡಿಕೊಡಬೇಕು. ನಾಲ್ಕು: ಗುಳಿಗೆ ಮುಗಿಯುವ ಮುಂಚೆಯೇ ಉಪಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ತಿಳಿಸಬೇಕು, ಮುಗಿದ ಮೇಲಲ್ಲ. ಐದು: ಗಾಡಿಯು ತಪ್ಪದೆ ಬರುವದೋ, ಔಷಧವು ಸಾಕಷ್ಟು ಇರುವದೋ ಎಂಬದನ್ನು ಬರೆದಿಟ್ಟು, ಕೊರತೆಯಿದ್ದರೆ ಗ್ರಾಮಸಭೆಯಲ್ಲಿ ವಿನಯದಿಂದಲೂ ದೃಢವಾಗಿಯೂ ಕೇಳಬೇಕು. ಅದು ನಮಗೆ ಸಲ್ಲತಕ್ಕದ್ದೇ, ಬೇಡುವ ಭಿಕ್ಷೆಯಲ್ಲ.

೬. ಗಾಡಿಯು ಎಲ್ಲಿ ನಿಲ್ಲಬೇಕು?

ಕಡೆಗೆ ಒಂದು ಸೂಕ್ಷ್ಮವಾದ ಮಾತು. ದೊಡ್ಡ ಮನೆಯ ಅಂಗಳದಲ್ಲಿ ಗಾಡಿ ನಿಂತರೆ ವೈದ್ಯರಿಗೆ ಚಹವೂ ನೆರಳೂ ಸಿಗುವವು ನಿಜ. ಆದರೆ ಆ ಅಂಗಳಕ್ಕೆ ಕಾಲಿಡಲು ಸಂಕೋಚಪಡುವವರು ಬರುವದಿಲ್ಲ. ಕಾಡಂಚಿನ ಗುಡಿಸಲಿನವರು, ಮರುದಿನ ಕೂಲಿಗೆ ಕರೆಯುವರೋ ಇಲ್ಲವೋ ಎಂದು ಅಂಜುವವರು, ಯಲ್ಲಾಪುರದ ಕಡೆಯ ಕಾಡಿನಲ್ಲಿ ಚದರಿರುವ ಸಿದ್ದಿ ಸಹೋದರರು, ಇವರಿಗೆ ಗಾಡಿಯು ಬಂದರೂ ಬಾರದಂತೆಯೇ. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸೇರಿಸಿದರು. ಆದರೂ ಪಟ್ಟಿಯಲ್ಲಿ ಹೆಸರು ಸೇರುವದು ಬೇರೆ, ಗಾಡಿಯ ಬಾಗಿಲಿಗೆ ಮನುಷ್ಯನು ಸೇರುವದು ಬೇರೆ.

ಹಾಗೆಯೇ ರೋಗದ ನಾಚಿಕೆಯೂ ಜನರನ್ನು ಅಡಗಿಸುತ್ತದೆ. ಮೈಮೇಲೆ ಸ್ಪರ್ಶ ತಿಳಿಯದ ಬಿಳಚು ಮಚ್ಚೆಯಿದ್ದವನು ಅದನ್ನು ಅಂಗಿಯೊಳಗೆ ಮುಚ್ಚುವನು. ಕುಷ್ಠರೋಗಕ್ಕೆ ಈಗ ಧರ್ಮಾರ್ಥವಾಗಿ ಔಷಧ ಸಿಗುವದು. ಆರು ಅಥವಾ ಹನ್ನೆರಡು ತಿಂಗಳಲ್ಲಿ ಗುಣವಾಗುವದು. ಬೇಗನೆ ಆರಂಭಿಸಿದರೆ ಕೈ ಬೆರಳುಗಳಿಗೆ ಕೇಡಾಗುವದಿಲ್ಲ. ಅದನ್ನು ಅಡಗಿಸುವಂತೆ ಮಾಡುವದು ರೋಗವಲ್ಲ, ನಮ್ಮ ನಾಲಿಗೆಗಳು. ನಾಲಿಗೆಯನ್ನು ಬಿಗಿಹಿಡಿದರೆ ನಾವೂ ಒಂದು ವಿಧದ ವೈದ್ಯವನ್ನು ಮಾಡಿದಂತೆಯೇ.

ಆದಕಾರಣ ಗಾಡಿಯು ಎಲ್ಲಿ ನಿಲ್ಲಬೇಕೆಂದು ಕೇಳಿದಾಗ, ನಮಗೆ ಸಮೀಪವಾದ ಸ್ಥಳವನ್ನಲ್ಲ, ಅತಿ ದೂರದವನಿಗೆ ಸಮೀಪವಾದ ಸ್ಥಳವನ್ನು ಹೇಳತಕ್ಕದ್ದು. ಅಲ್ಲಿಯ ತನಕವೂ ಬರಲಾರದೆ ಮಲಗಿದವರಿದ್ದರೆ ನಾಲ್ವರು ಕೂಡಿ ಹೊತ್ತು ತರತಕ್ಕದ್ದು. ವೈದ್ಯರು ಅಷ್ಟು ದೂರ ಬಂದಿರುವಾಗ ಉಳಿದ ಸ್ವಲ್ಪ ದೂರವನ್ನು ನಡೆಯುವದು ನೆರೆಯವರಾದ ನಮ್ಮ ಪಾಲು.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ಮಜರೆಯಿಂದ ಉಪಕೇಂದ್ರಕ್ಕೆ ಮಳೆಗಾಲದಲ್ಲಿ ಎಷ್ಟು ಹೊತ್ತು ಬೇಕು? ರಾತ್ರಿಯಲ್ಲಿ ಯಾರ ಗಾಡಿ ಸಿಗುವದು?

೨. ನಮ್ಮಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ಷಯ ಇವುಗಳ ಗುಳಿಗೆಯನ್ನು ನಡುವೆ ಬಿಟ್ಟವರು ಇದ್ದಾರೋ? ಯಾಕೆ ಬಿಟ್ಟರು?

೩. ಬೆಟ್ಟದಲ್ಲಿ ಸತ್ತ ಮಂಗವನ್ನು ಕಂಡರೆ ಯಾರಿಗೆ ತಿಳಿಸಬೇಕೆಂದು ಮಕ್ಕಳಿಗೆ ಗೊತ್ತಿದೆಯೋ?

೪. ಕಳೆದ ಸಾರಿ ಗಾಡಿ ಬಂದಾಗ ಬಾರದೆ ಉಳಿದವರು ಯಾರು? ಮುಂದಿನ ಸಾರಿ ಅವರ ಮನೆಗೆ ಹೋಗಿ ಕರೆಯುವವರು ನಮ್ಮಲ್ಲಿ ಯಾರು?